ಮಿದುಳಣ್ಣನ ಬೆನ್ನಿನ ಹೊಲಿಗೆ

ಅವರು ನನ್ನ ಅಂಗಡಿಗೆ ಬಂದದ್ದು ಮಿದುಳು ಹೊಲಿಸಿಕೊಳ್ಳುವುದಕ್ಕೆ.

ಕಾಲೇಜಿನ ಗೇಟಿನ ಎದುರು ಹೊಲಿಗೆ ಮಿಷನ್ನು ಹಾಕಿಕೊಂಡು ಕೂತವಳಿಗೆ ಎಂಥೆಂಥ ಕೆಲಸವೋ ಬರುತ್ತದೆ. ಹಾಸ್ಟೆಲಿನ ದಿಂಬಿನ ಚೀಲ, ಕಿತ್ತುಹೋದ ಬ್ಯಾಗಿನ ಪಟ್ಟಿ, ಹೊಟ್ಟೆ ಬೆಳೆಸಿಕೊಂಡ ಮೇಷ್ಟರುಗಳ ಪ್ಯಾಂಟಿನ ಸೊಂಟ. ಮಿದುಳು ಅದೇ ಮೊದಲು. ಬಂದವರೆಲ್ಲ ಹಳದಿ ಬನಿಯನ್ನು ತೊಟ್ಟವರು, ಎದೆಯ ಮೇಲೆ ‘ಮಾತಾಡಿ, ಹಗುರಾಗಿ’ ಎಂದು ಬರೆಸಿಕೊಂಡವರು. ನಾನು ಅಕ್ಷರ ಕೂಡಿಸಿ ಓದುವಷ್ಟು ಮಾತ್ರ ಶಾಲೆ ಕಂಡವಳು. ಎದೆಯ ಮೇಲಿನದನ್ನು ಓದಿ ಮುಗಿಸುವುದರೊಳಗೆ ಅವರು ತಮ್ಮತಮ್ಮಲ್ಲೇ ಮಾತಾಡಿ ಹಗುರಾಗಿಬಿಟ್ಟಿದ್ದರು.

ಕಾಲೇಜಿನಲ್ಲಿ ಮನಸ್ಸಿಗೆ ಕಷ್ಟವಾದ ಮಕ್ಕಳಿಗೆಂದು ಒಂದು ಕೋಣೆ ತೆರೆದಿದ್ದಾರಂತೆ. ಅಲ್ಲಿ ಒಬ್ಬ ಕೌನ್ಸೆಲರ್ ಮೇಡಂ ಕೂರುತ್ತಾರಂತೆ. ಆದರೆ ಮಕ್ಕಳು ನಾಚಿಕೆ ಪಟ್ಟು ಬರುವುದಿಲ್ಲವಂತೆ. ಆ ನಾಚಿಕೆಯನ್ನು ಓಡಿಸುವುದಕ್ಕೆ ಈ ಹಳದಿ ಪಡೆ. ವಿದ್ಯಾರ್ಥಿಗಳನ್ನು ವಿದ್ಯಾರ್ಥಿಗಳೇ ಕರೆದರೆ ಬರುತ್ತಾರೆ ಎಂದು ಯಾರೋ ದೊಡ್ಡವರು ಹೇಳಿದ್ದರು. ಮಾತಾಡುವುದಕ್ಕೂ ಒಂದು ಕೋಣೆ, ಕೇಳುವುದಕ್ಕೂ ಒಂದು ಸಂಬಳ, ಆ ಕೋಣೆಗೆ ಕರೆಯುವುದಕ್ಕೆ ಒಂದು ದಂಡು! ನಾನು ಸುಮ್ಮನೆ ಸೂಜಿಗೆ ದಾರ ಪೋಣಿಸುತ್ತಿದ್ದೆ.

ಪಡೆಗೆ ಒಬ್ಬ ಅಧ್ಯಕ್ಷ. ಎತ್ತರದ ಆಳು, ಅಗಲ ಭುಜ, ಮಾತಿಗಿಂತ ಮೊದಲೇ ಹೊಸಿಲು ದಾಟಿ ಬರುವ ನಗು. ಇನ್ನೊಬ್ಬರನ್ನು ವಿಚಾರಿಸಿಕೊಳ್ಳುವುದು ಹೇಗೆಂದು ಅವನಿಗೆ ತರಬೇತಿ ಕೊಟ್ಟಿದ್ದರು. ಅದನ್ನು ಅವನು ನನ್ನ ಮೇಲೇ ಪ್ರಯೋಗಿಸಿದ.

“ಹೇಗಿದ್ದೀರಿ ಅಜ್ಜಿ?” ಅಂದ. ಚೆನ್ನಾಗಿದ್ದೇನೆ ಅಂದೆ. ಆಗ ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿ, ದನಿ ಇಳಿಸಿ, “ನಿಜವಾಗ್ಲೂ ಹೇಗಿದ್ದೀರಿ?” ಅಂದ.

ಕೇಳಿದನಲ್ಲ ಎಂದು ಹೇಳಿದೆ. ಮಂಡಿ ನೋವು, ಮೆಟ್ಟಿಲು ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಜೀವ ಹೋಗುತ್ತದೆ ಅಂದೆ. ನನ್ನ ಮಾತು ಅರ್ಧದಲ್ಲಿರುವಾಗಲೇ ಅವನು, “ಹಂಚಿಕೊಂಡಿದ್ದಕ್ಕೆ ಥ್ಯಾಂಕ್ಸ್ ಅಜ್ಜಿ” ಎಂದು ಜೇಬಿನಿಂದ ಫೋನು ತೆಗೆದು ಮಿದುಳಿನ ಚಿತ್ರ ತೋರಿಸಿದ. ಅದಕ್ಕೆ ಕೈಕಾಲು ಇರಬೇಕು, ದೊಡ್ಡ ಕಣ್ಣು ಇರಬೇಕು, ಬಾಯಿ ತುಂಬ ನಗು ಇರಬೇಕು. ಒಳಗೆ ಒಬ್ಬರು ಹೊಕ್ಕು ಗೇಟಿನ ಹತ್ತಿರ ಕುಣಿಯಬೇಕು. ನಾಚಿಕೆ ಓಡಿಹೋಗಬೇಕು.

ಒಳಗೆ ಹೋಗುವವಳನ್ನು ಕೈ ಹಿಡಿದು ಮುಂದೆ ತಂದು ನಿಲ್ಲಿಸಿದರು. ಮೊದಲನೇ ವರ್ಷದ ಹುಡುಗಿ, ಎಲ್ಲರೂ ಕುಳ್ಳಿ ಎಂದು ಕರೆಯುತ್ತಿದ್ದರು. ಸಣ್ಣ ಆಳಾದರೆ ಬಟ್ಟೆ ಕಡಿಮೆ ಸಾಕು ಎಂದು ಅವಳನ್ನು ಆರಿಸಿದ್ದರು. ಅಳತೆ ತೆಗೆಯುವಾಗ ಅವಳು ನನ್ನ ಕಿವಿಯ ಹತ್ತಿರ, “ನನ್ನ ಎತ್ತರ ಇವತ್ತು ಸಮಾಜಸೇವೆಗೆ ಬಂತು ನೋಡಿ ಅಜ್ಜಿ” ಅಂದಳು. ಆ ದಂಡಿನಲ್ಲಿ ನನಗೆ ಹಿಡಿಸಿದ ಮಾತು ಅದೊಂದೇ.

ಹೊಲಿದುಕೊಟ್ಟೆ. ಸ್ಪಂಜನ್ನು ಉದ್ದುದ್ದ ಕತ್ತರಿಸಿ, ಗುಲಾಬಿ ಬಟ್ಟೆಯಲ್ಲಿ ಸುತ್ತಿ, ಸುರುಳಿ ಸುರುಳಿಯಾಗಿ ಮೆತ್ತಿದೆ. ಬಾಯಿಯ ಜಾಗದಲ್ಲಿ ಕಪ್ಪು ಬಲೆ, ಒಳಗಿದ್ದವರು ನೋಡುವುದಕ್ಕೆ. ಬೆನ್ನಿಗೆ ಜಿಪ್ಪು. ನನಗೇನೋ ಅದು ಕಸಾಯಿ ಅಂಗಡಿಯಲ್ಲಿ ತೂಗಿಹಾಕಿದ ಕರುಳಿನ ಹಾಗೆ ಕಂಡಿತು. ಕಾಲೇಜಿನ ಹುಡುಗರು ಅದಕ್ಕೆ ಮಿದುಳಣ್ಣ ಎಂದು ಹೆಸರಿಟ್ಟರು. ಮಿದುಳಣ್ಣ ಗೇಟಿನಲ್ಲಿ ಕುಣಿದ, ಎಲ್ಲರೂ ಅವನ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡರು, ಫೋಟೋ ತೆಗೆಸಿಕೊಂಡು ಪಾಠಕ್ಕೆ ಹೋದರು. ಕೋಣೆಗೆ ಹೋದವರು ಯಾರೂ ನನ್ನ ಕಣ್ಣಿಗೆ ಬೀಳಲಿಲ್ಲ.

ಇದನ್ನೆಲ್ಲ ನೋಡಿ ಮೂಗು ಮುರಿದುಕೊಂಡು ನಾನು ನನ್ನ ಪಾಡಿಗೆ ಇರಬಹುದಿತ್ತು. ಇರಲಾಗಲಿಲ್ಲ, ಏಕೆಂದರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಮೊಮ್ಮಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

ಅವಳು ನನ್ನ ಮಗಳ ಮಗಳು, ಅದೇ ಕಾಲೇಜಿನಲ್ಲಿ ಎರಡನೇ ವರ್ಷ. ನನ್ನ ಮಗಳು ಬೇರೆ ಊರಿನ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಾಳೆ. ಓದುವುದಕ್ಕೆಂದು ಹುಡುಗಿಯನ್ನು ನನ್ನ ಹತ್ತಿರ ಬಿಟ್ಟಿದ್ದಳು. ಚಿಕ್ಕಂದಿನಿಂದ ಅರಳು ಹುರಿದಂತೆ ಮಾತಾಡುತ್ತಿದ್ದವಳು. ಪ್ರಯೋಗಶಾಲೆಯ ಪರೀಕ್ಷೆಯ ದಿನ ಹೊರಗಿನಿಂದ ಬಂದ ಮೇಷ್ಟರು ಏನೋ ಕೇಳಿದಾಗ ಅವಳಿಗೆ ಬಾಯಿ ಕಟ್ಟಿಹೋಯಿತಂತೆ, ಗೊತ್ತಿದ್ದುದೂ ಬರಲಿಲ್ಲವಂತೆ, ಸುತ್ತ ಇದ್ದವರು ನಕ್ಕರಂತೆ. ಅಷ್ಟೇ ಆದದ್ದು. ಅಷ್ಟಕ್ಕೇ ಹೀಗಾಯಿತೋ, ಮೊದಲಿನಿಂದ ಏನೋ ಇತ್ತೋ, ನಾನು ಬಲ್ಲವಳಲ್ಲ. ಮೊದಲು ಒಂದೊಂದು ದಿನ ಕಾಲೇಜು ತಪ್ಪಿಸಿದಳು. ಆಮೇಲೆ ತಲೆ ಬಾಚುವುದು ಬಿಟ್ಟಳು. ಆಮೇಲೆ ತಟ್ಟೆಯ ಮುಂದೆ ಕೂತು ಅನ್ನವನ್ನು ಕಲಸುತ್ತ ಕಲಸುತ್ತ ತಣ್ಣಗೆ ಮಾಡಿ ಎದ್ದುಹೋಗುವುದು ಶುರುವಾಯಿತು. ನಾನು ಬೈದೆ, ರಮಿಸಿದೆ, ಅವರಮ್ಮನಿಂದ ಫೋನು ಮಾಡಿಸಿದೆ. ಗೋಡೆಗೆ ಹೇಳಿದ ಹಾಗಾಯಿತು.

ಒಂದು ಸಂಜೆ ನಾನು ಗುಂಡಿಗೆ ಕಾಜಾ ಹಾಕುತ್ತ ಕೂತಿದ್ದಾಗ, ಮಲಗಿದಲ್ಲಿಂದಲೇ, ಯಾರಿಗೂ ಅಲ್ಲ ಎಂಬಂತೆ ಅಂದಳು: “ಅಜ್ಜಿ, ನಾಳೆ ಬೆಳಗಾಗದೇ ಇದ್ರೆ ಎಷ್ಟು ಚೆನ್ನಾಗಿರುತ್ತೆ ಅನ್ಸುತ್ತೆ.”

ನನ್ನ ಕೈ ನಿಂತಿತು. ಈ ಮಾತನ್ನು ನಾನು ಹಿಂದೆ ಒಮ್ಮೆ ಕೇಳಿದ್ದೆ. ನಾನು ಲಂಗ ತೊಡುವ ಹುಡುಗಿಯಾಗಿದ್ದಾಗ ನಮ್ಮ ಚಿಕ್ಕಮ್ಮ, ಪಾತ್ರೆ ಉಜ್ಜುತ್ತ, ಹೆಚ್ಚುಕಡಿಮೆ ಹೀಗೆಯೇ ಅಂದಿದ್ದಳು. ಮನೆಯಲ್ಲಿ ಎಲ್ಲರ ಕಿವಿಗೂ ಬಿದ್ದಿತ್ತು. ಕೆಲಸಗಳ್ಳಿ ಎಂದರು ಕೆಲವರು, ಗಾಳಿ ಸೋಕಿದೆ ಎಂದರು ಕೆಲವರು. ನಮ್ಮಜ್ಜ ನಕ್ಕುಬಿಟ್ಟ. ಮುಂದಿನ ಬೇಸಿಗೆಗೆ ಚಿಕ್ಕಮ್ಮ ಇರಲಿಲ್ಲ. ಅವಳು ಉಜ್ಜಿದ ಹಿತ್ತಾಳೆ ಚೊಂಬು ನನ್ನ ಹತ್ತಿರ ಇಂದಿಗೂ ಇದೆ.

ಅದಕ್ಕೇ, ಎಷ್ಟೇ ತಿರಸ್ಕಾರವಿದ್ದರೂ, ಆ ಕೋಣೆ ನನಗೆ ಬೇಕಾಯಿತು. ಮುಳುಗುವವಳಿಗೆ ಹುಲ್ಲುಕಡ್ಡಿಯ ಜಾತಿ ಕೇಳುವ ಪುರಸೊತ್ತು ಎಲ್ಲಿ?

ಮರುದಿನ ಅಧ್ಯಕ್ಷ ಅಂಗಡಿಯ ಮುಂದೆ ಹಾಯುವಾಗ ಕರೆದು ಕೇಳಿದೆ, ಆ ಕೋಣೆ ಯಾವ ಹೊತ್ತಿಗೆ ತೆರೆದಿರುತ್ತದೆ ಎಂದು. ಅವನಿಗೆ ಗೊತ್ತಿರಲಿಲ್ಲ. ಕೋಣೆಯ ಮಹತ್ವ ಗೊತ್ತಿತ್ತು, ಅದನ್ನು ಹೇಳಿದ. ಮನಸ್ಸೂ ದೇಹದ ಹಾಗೇ ಎಂದ, ಮಾತೇ ಮದ್ದು ಎಂದ, ಇನ್ನೇನೋ ಎಂದ. ಹೇಳುತ್ತ ಹೇಳುತ್ತ ಅವನ ಕಣ್ಣು ಹಿಂದಿನ ಕೋಣೆಯ ಪರದೆಯ ಕಡೆಗೆ ತಿರುಗಿತು. ಯಾರಿಗೆ ಅಜ್ಜಿ, ಯಾರಿಗೆ, ನಾವೇ ಕರ್ಕೊಂಡ್ ಹೋಗ್ತೀವಿ ಎಂದು ಒಂದು ಹೆಜ್ಜೆ ಮುಂದಿಟ್ಟ. ಬಲೆ ಬೀಸಿದವನು ನೀರು ಅಲುಗಿದ್ದನ್ನು ನೋಡುವ ಹಾಗಿತ್ತು ಆ ನೋಟ. ಹೆಚ್ಚು ಜನರನ್ನು ಕರೆತಂದವರಿಗೆ ವರ್ಷದ ಕೊನೆಗೆ ಪದಕ ಕೊಡುತ್ತಾರೆ ಎಂದು ಕುಳ್ಳಿ ನನಗೆ ಮೊದಲೇ ಹೇಳಿದ್ದಳು. ನನ್ನ ಮಂಡಿಗೆ ಕಣಪ್ಪ ಅಂದೆ. ಅವನ ಕತ್ತು ನೆಟ್ಟಗಾಯಿತು, ಹೋದ.

ಕೋಣೆಯ ಹೊತ್ತನ್ನು ಕುಳ್ಳಿಯಿಂದ ತಿಳಿದುಕೊಂಡೆ. ಮೊಮ್ಮಗಳಿಗೆ ಬರೀ ನೋಡಿಕೊಂಡು ಬರೋಣ ಅಂದೆ, ನನಗೋಸ್ಕರ ಅಂದೆ, ಮಂಡಿ ನೋವಿನಲ್ಲೂ ನಾನು ಮೆಟ್ಟಿಲು ಹತ್ತುತ್ತೇನೆ ನೋಡು ಅಂದೆ. ಏನನ್ನಿಸಿತೋ, ಎದ್ದಳು. ತಲೆ ಬಾಚಿಕೊಟ್ಟೆ. ಅವಳ ಕೂದಲು ಗಂಟುಗಟ್ಟಿ ಹಗ್ಗದ ಹಾಗಾಗಿತ್ತು. ಬಿಡಿಸುವಾಗ ಅವಳು ಒಮ್ಮೆಯೂ ನೋವೆನ್ನಲಿಲ್ಲ, ನನಗೆ ಅದೇ ಹೆದರಿಕೆಯಾಯಿತು.

ಕೋಣೆ ಇದ್ದದ್ದು ಮೊದಲನೇ ಮಹಡಿಯ ಉದ್ದ ಪಡಸಾಲೆಯ ಕೊನೆಯಲ್ಲಿ. ನಾವು ಮೆಟ್ಟಿಲು ಹತ್ತಿ ತಿರುಗಿದೆವೋ ಇಲ್ಲವೋ, ಚಪ್ಪಾಳೆ ಶುರುವಾಯಿತು. ಹಳದಿ ಬನಿಯನ್ನಿನವರು ಎರಡು ಸಾಲು ಕಟ್ಟಿ ಎದುರುಬದುರಾಗಿ ನಿಂತಿದ್ದರು. ಕೋಣೆಗೆ ಬರುವುದು ನಾಚಿಕೆಯ ವಿಷಯವಲ್ಲ, ಹೆಮ್ಮೆಯ ವಿಷಯ; ಆದ್ದರಿಂದ ಯಾರು ಬಂದರೂ ಚಪ್ಪಾಳೆ ತಟ್ಟಿ ಬರಮಾಡಿಕೊಳ್ಳಬೇಕು ಎಂದು ಅವರೇ ಮಾಡಿಕೊಂಡ ಪದ್ಧತಿ. ಒಬ್ಬಳು ಸಣ್ಣ ಡೋಲನ್ನೂ ಇಟ್ಟುಕೊಂಡಿದ್ದಳು. ಸಾಲಿನ ಕೊನೆಗೆ ಒಂದು ಮೇಜು, ಅದರ ಮೇಲೆ ಗುಡ್ಡೆಗಟ್ಟಲೆ ಹಳದಿ ಸ್ಟಿಕ್ಕರು, ‘ನಾನು ಮಾತಾಡಿದೆ’ ಎಂದು ಎದೆಗೆ ಅಂಟಿಸಿಕೊಳ್ಳುವುದಕ್ಕೆ. ನಾಚಿಕೆ ಓಡಿಸಲು ಹೊರಟವರು ನಾಚಿಕೆಪಡುವವರನ್ನೇ ಓಡಿಸುವ ಏರ್ಪಾಡು ಮಾಡಿದ್ದರು. ಕದ್ದು ಅಳುವವಳನ್ನು ಪೇಟೆ ಬೀದಿಯಲ್ಲಿ ನಿಲ್ಲಿಸಿ ಆರತಿ ಎತ್ತಿದ ಹಾಗೆ.

“ಧೈರ್ಯ! ಧೈರ್ಯ!” ಎಂದು ತಾಳಕ್ಕೆ ಕೂಗಿದರು. ಪಕ್ಕದ ತರಗತಿಯ ಬಾಗಿಲಿನಿಂದ ಮುಖಗಳು ಹೊರಬಂದವು. ಅದರಲ್ಲಿ ಒಂದೆರಡು ಮೊಮ್ಮಗಳ ತರಗತಿಯವೇ ಇರಬೇಕು. ಅವಳ ಕೈ ನನ್ನ ಕೈಯಿಂದ ಜಾರಿತು. ಓಡಲಿಲ್ಲ; ಓಡುವಷ್ಟು ತ್ರಾಣವೂ ಇರಲಿಲ್ಲ. ಮುಖವನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ಮೆಟ್ಟಿಲಿಳಿದು ಹೋದಳು. ಅಧ್ಯಕ್ಷ ಫೋನು ಹಿಡಿದುಕೊಂಡು ಒಂದಿಷ್ಟು ದೂರ ಹಿಂದೆಯೇ ಹೋದ. ವಾಪಸ್ ಬಂದು, ಪರವಾಗಿಲ್ಲ ಅಜ್ಜಿ, ಮೊದಲ ಹೆಜ್ಜೆ ಇಟ್ಟಿದ್ದೂ ದೊಡ್ಡದೇ ಎಂದು ನನ್ನ ಸೆರಗಿಗೆ ಒಂದು ಸ್ಟಿಕ್ಕರು ಅಂಟಿಸಿದ. ಮನೆಗೆ ಬಂದು ಕಿತ್ತೆ. ಅಂಟು ಇನ್ನೂ ಹೋಗಿಲ್ಲ.

ಅವತ್ತಿನಿಂದ ಅವಳು ಗೋಡೆಯ ಕಡೆಯಿಂದ ಇತ್ತ ತಿರುಗುವುದನ್ನೂ ಬಿಟ್ಟಳು. ನಾನು ಕತ್ತರಿಯನ್ನೂ ಬ್ಲೇಡನ್ನೂ ಪೆಟ್ಟಿಗೆಗೆ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹೊಲಿಗೆಯವಳು ಕತ್ತರಿಗೆ ಬೀಗ ಹಾಕಿ ಎಷ್ಟು ದಿನ ಬದುಕುತ್ತಾಳೆ? ಮೇಡಂ ಅವರೇ ಅಂಗಡಿಗೆ ಬರುತ್ತಾರೆಯೇ ಎಂದು ಕುಳ್ಳಿಯ ಹತ್ತಿರ ಕೇಳಿಸಿದೆ. ಬರುತ್ತಾರೆ, ಆದರೆ ಹುಡುಗಿ ಒಪ್ಪಬೇಕು ಎಂದು ಹೇಳಿಕಳಿಸಿದರು. ಅವಳು ಒಪ್ಪಲಿಲ್ಲ. ಮನೆಗೆ ಯಾರೂ ಬರುವುದು ಬೇಡ, ಬೀದಿಯವರೆಲ್ಲ ನೋಡುತ್ತಾರೆ ಎಂದಳು.

ಹೀಗಿರುವಾಗ ಕಾಲೇಜಿಗೆ ಅತಿಥಿಗಳು ಬರುವ ದಿನ ಬಂತು. ಕೋಣೆಯನ್ನೂ ಹಳದಿ ಪಡೆಯ ಕೆಲಸವನ್ನೂ ನೋಡಿ ಹೊಗಳುವುದಕ್ಕೆ ದೊಡ್ಡ ಮನುಷ್ಯರು ಬರುತ್ತಾರೆ, ಅವರ ಮುಂದೆ ಮಿದುಳಣ್ಣ ಕುಣಿಯಬೇಕು. ಬೆಳಿಗ್ಗೆಯೇ ಕುಳ್ಳಿ ಗೊಂಬೆಯನ್ನು ಹೊತ್ತುಕೊಂಡು ಬಂದಳು. ಬೆನ್ನಿನ ಜಿಪ್ಪು ಕಚ್ಚಿಕೊಂಡಿತ್ತು. ಅವಳು ಸ್ಟೂಲಿನ ಮೇಲೆ ಕೂತು, ಒಳಗಿನ ಸೆಖೆಯನ್ನೂ, ಹಿಂದಿನಿಂದ ಗುದ್ದುವ ಹುಡುಗರನ್ನೂ, ಅಧ್ಯಕ್ಷನನ್ನೂ ಒಂದೇ ಉಸಿರಿನಲ್ಲಿ ಬೈದಳು. ನಾನು ಜಿಪ್ಪಿಗೆ ಮೇಣ ತಿಕ್ಕುತ್ತಿದ್ದೆ.

ಪರದೆ ಸರಿಯಿತು. ಮೊಮ್ಮಗಳು ಬಂದು ನಿಂತಿದ್ದಳು. ಅವಳು ತಾನಾಗಿ ಎದ್ದು ಬಂದು ಎಷ್ಟು ದಿನವಾಗಿತ್ತೋ. ಮೊಳೆಗೆ ತೂಗುಬಿದ್ದ ಗೊಂಬೆಯ ತಲೆಯನ್ನು ಮುಟ್ಟಿದಳು, ಕಪ್ಪು ಬಲೆಯೊಳಗೆ ಬೆರಳಿಟ್ಟು ನೋಡಿದಳು.

“ಒಳಗೆ ಯಾರಿದಾರೆ ಅಂತ ಹೊರಗಡೆ ಕಾಣುತ್ತಾ?” ಎಂದು ಕುಳ್ಳಿಯನ್ನು ಕೇಳಿದಳು.

“ಹೊರಗಡೆಯವರಿಗಿರಲಿ ಅಕ್ಕ, ಒಳಗೆ ನಾನಿದೀನಿ ಅಂತ ಒಂದೊಂದ್ಸಲ ನಂಗೇ ಗೊತ್ತಾಗಲ್ಲ.”

ಮೊಮ್ಮಗಳು ನಗಲಿಲ್ಲ, ಆದರೆ ಬಾಯಿಯ ಒಂದು ಮೂಲೆ ಅಲುಗಿತು. “ನಾನು ಹಾಕ್ಕೋಬಹುದಾ? ಸ್ವಲ್ಪ ಹೊತ್ತು. ಆ ರೂಮಿನ ತನಕ.”

ಕುಳ್ಳಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅವಳಿಗೆ ಏನೂ ವಿವರಿಸಬೇಕಾಗಲಿಲ್ಲ. ನಿಜವಾಗ್ಲೂ ಹೇಗಿದ್ದೀಯಾ ಎಂದು ಅವಳು ಕೇಳಲಿಲ್ಲ. ಎದ್ದು, ಚಪ್ಪಲಿ ಬಿಟ್ಟು, ಸೀದಾ ಒಳಗೆ ಹೋಗಿ ಮೊಮ್ಮಗಳ ಚಾಪೆಯ ಮೇಲೆ ಮಲಗಿ, ತಲೆ ತನಕ ಹೊದ್ದುಕೊಂಡು ಹೇಳಿದಳು: “ಹೋಗ್ಬನ್ನಿ ಅಕ್ಕ. ಯಾರಾದ್ರೂ ಬಂದ್ರೆ ನೀವಿಲ್ಲೇ ಮಲಗಿದೀರ. ಎಡಗಾಲು ಮೊದಲು ಹಾಕಿ, ಇಲ್ದಿದ್ರೆ ಬೀಳ್ತೀರ.”

ಇಬ್ಬರದೂ ಒಂದೇ ಎತ್ತರ. ಗೊಂಬೆ ಅವಳಿಗೇ ಹೊಲಿದಂತೆ ಕೂತಿತು. ನಾನು ಸೂಜಿದಾರದ ಡಬ್ಬಿ ಕೈಲಿ ಹಿಡಿದು ಹಿಂದೆ ಹೊರಟೆ. ಗೇಟಿನಲ್ಲಿ ಕಾವಲಿನವನು ಮಿದುಳಣ್ಣನಿಗೆ ಸಲಾಮು ಹೊಡೆದ. ಹುಡುಗರು ಬೆನ್ನಿಗೆ ಗುದ್ದಿದರು, ಒಬ್ಬ ಕೆನ್ನೆ ಹಿಂಡಿದ, ಇಬ್ಬರು ಹುಡುಗಿಯರು ಅತ್ತ ಇತ್ತ ನಿಂತು ಫೋಟೋ ತೆಗೆಸಿಕೊಂಡರು. ಮೊಮ್ಮಗಳನ್ನು ಕಂಡು ನಕ್ಕಿದ್ದ ಮುಖಗಳೇ ಈಗ ಅವಳನ್ನು ತಬ್ಬಿಕೊಂಡು ನಗುತ್ತಿದ್ದವು. ನಾನು ಮಂಡಿ ನೋವನ್ನು ಮರೆತು ಮೆಟ್ಟಿಲು ಹತ್ತಿದೆ.

ಪಡಸಾಲೆಯಲ್ಲಿ ಬಣ್ಣದ ಕಾಗದ ಅಂಟಿಸುವ ಗಲಾಟೆ. ಅಧ್ಯಕ್ಷ ಕುರ್ಚಿಯ ಮೇಲೆ ನಿಂತು ಎಲ್ಲರಿಗೂ ಆಜ್ಞೆ ಮಾಡುತ್ತಿದ್ದ. ಗೊಂಬೆಯನ್ನು ಕಂಡವನೇ, ಬಾ ಕುಳ್ಳಿ, ಒಂದ್ಸಲ ಕುಣಿದು ತೋರಿಸು ಎಂದ. ಗೊಂಬೆ ನಿಂತಲ್ಲೇ ನಿಂತಿತು. ಡೋಲಿನವಳು ಡೋಲು ಬಡಿದಳು. ಸ್ಪಂಜಿನ ಕೈಗಳು ನಡುಗುವುದು ನನಗೆ ಕಾಣುತ್ತಿತ್ತು, ಅವರಿಗೆ ಅದೇ ಕುಣಿತದ ಶುರು ಎನ್ನಿಸಿರಬೇಕು, ಸೀಟಿ ಹೊಡೆದರು.

ಬೆನ್ನಿನ ಹೊಲಿಗೆ ಬಿಟ್ಟಿದೆಯಪ್ಪ, ಕುಣಿದರೆ ಪೂರ್ತಿ ಹರಿದುಹೋಗುತ್ತದೆ, ಎಲ್ಲಾದರೂ ಒಳಗೆ ಕೂರಿಸಿ ಎರಡು ಹೊಲಿಗೆ ಹಾಕಿಕೊಡುತ್ತೇನೆ ಅಂದೆ.

ಅಧ್ಯಕ್ಷ ಸುತ್ತ ನೋಡಿದ. ತರಗತಿಗಳೆಲ್ಲ ತುಂಬಿದ್ದವು. “ಆ ಕೌನ್ಸೆಲಿಂಗ್ ರೂಮಲ್ಲೇ ಹಾಕ್ಬಿಡಿ ಅಜ್ಜಿ” ಅಂದ, “ಹೇಗೂ ಖಾಲಿನೇ ಇರುತ್ತೆ.”

ಪುಣ್ಯಾತ್ಮನ ಬಾಯಿಂದ ಅಂದಿನ ತನಕ ಬಂದ ಸತ್ಯ ಅದೊಂದೇ.

ಕೋಣೆಯಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಒಬ್ಬರೇ ಕೂತು ಕಿತ್ತಳೆ ಸುಲಿಯುತ್ತಿದ್ದರು. ಎಣ್ಣೆಗಪ್ಪು ಮುಖ, ದಣಿದ ಕಣ್ಣು, ಇಸ್ತ್ರಿ ಇಲ್ಲದ ಸೀರೆ. ಮಾತು ಕೇಳಿ ಸಂಬಳ ತೆಗೆದುಕೊಳ್ಳುವ ಈಕೆಯೂ ಈಗ ಕತ್ತು ವಾಲಿಸುತ್ತಾಳೆ ಎಂದುಕೊಂಡೆ. ವಾಲಿಸಲಿಲ್ಲ. ನಾನು ಬಾಗಿಲು ಹಾಕಿ ಚಿಲಕ ಸರಿಸಿದೆ. ಗೊಂಬೆ ಜಿಪ್ಪು ತೆಗೆಯಲಿಲ್ಲ, ಸುಮ್ಮನೆ ನಿಂತಿತು. ಆಮೇಲೆ ಒಳಗಿನಿಂದ ಅಳುವ ಶಬ್ದ ಬಂತು, ಕಂಬಳಿಯೊಳಗಿಂದ ಬಂದ ಹಾಗೆ.

ಆ ನಗುಮುಖದ ಗೊಂಬೆ ಅಳುವುದನ್ನು ನೋಡಿದರೆ ಯಾರಿಗಾದರೂ ನಗು ಬರಬೇಕು. ಆಕೆಗೆ ಬರಲಿಲ್ಲ. ಕಿತ್ತಳೆ ಪಕ್ಕಕ್ಕಿಟ್ಟು, ಕೂತ್ಕೋಮ್ಮಾ ಎಂದರು. ಗೊಂಬೆಯ ಮೈ ಕುರ್ಚಿಯಲ್ಲಿ ಹಿಡಿಸಲಿಲ್ಲ. ಎರಡು ಸಲ ಕೂರಿಸಿ ನೋಡಿದರು, ಆಮೇಲೆ ತಾವೇ ಕುರ್ಚಿಯಿಂದಿಳಿದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದರು. ಗೊಂಬೆಯೂ ಕೂತಿತು.

“ಅದನ್ನ ತೆಗೀತೀಯೋ, ಇರ್ಲೋ?”

“ಇರ್ಲಿ” ಎಂದಿತು ಒಳಗಿನ ದನಿ.

“ಸರಿ, ಇರ್ಲಿ. ನಂಗೇನೂ ಅವಸರ ಇಲ್ಲ.”

ಅಷ್ಟೇ ನಾನು ಕೇಳಿದ್ದು. ಮೇಡಂ ನನ್ನ ಕಡೆ ನೋಡಿದರು, ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡು ಬೆಂಚಿನ ಮೇಲೆ ಕೂತೆ. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಇಂದಿಗೂ ಕೇಳಿಲ್ಲ. ಅಧ್ಯಕ್ಷ ಬಂದು ಕೇಳಿದಾಗಲೆಲ್ಲ ಜಿಪ್ಪು ಪೂರ್ತಿ ಕಿತ್ತು ಹಾಕಬೇಕು, ಅವಳೇ ಒಳಗೆ ಬಿಚ್ಚುತ್ತಿದ್ದಾಳೆ ಎಂದು ಬಾಯಿಗೆ ಬಂದದ್ದು ಹೇಳಿದೆ. ಅವನು ಕೇಳಿಸಿಕೊಳ್ಳುವವನಲ್ಲ, ಆದ್ದರಿಂದ ಸುಳ್ಳು ಹೇಳುವುದು ಸುಲಭ.

ಕೊನೆಗೆ ಅತಿಥಿಗಳು ಬಂದೇಬಿಟ್ಟರು. ಕೆಳಗೆ ಅಂಗಳದಲ್ಲಿ ಪ್ರಾಂಶುಪಾಲರ ಸ್ವಾಗತದ ಮೈಕು ಕೇಳಿಸಿತು. ಅಧ್ಯಕ್ಷ ಬೆವರು ಒರೆಸಿಕೊಳ್ಳುತ್ತ ಓಡಿಬಂದು ಬಾಗಿಲು ಬಡಿದ. ಮೇಡಂ ಒಂದು ಗೇಣು ತೆರೆದರು.

“ಗೊಂಬೆ ಬೇಕಿತ್ತು ಮೇಡಂ.”

“ಒಳಗೆ ಒಬ್ರಿದಾರೆ. ಆಮೇಲೆ ಬನ್ನಿ.”

“ಅಲ್ಲಿರೋದು ನಮ್ಮ ಗೊಂಬೆ, ಮೇಡಂ.”

“ಗೊಂಬೆ ಒಳಗೆ ಒಬ್ರಿದಾರೆ ಅಂದೆ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಕ್ಕ. “ಅಯ್ಯೋ, ಅವಳು ಪೇಶೆಂಟ್ ಅಲ್ಲ ಮೇಡಂ, ನಮ್ಮ ಕುಳ್ಳಿ. ವಾಲಂಟಿಯರು.”

“ವಾಲಂಟಿಯರ್ ಆದ್ರೆ ಅಳಬಾರದಾ?”

“ಅವಳು ಅಳ್ತಿದಾಳಾ?” ಅಂದ. ನಾನು ಬೆಂಚಿನ ಮೇಲಿಂದ ಅವನ ಕತ್ತನ್ನೇ ನೋಡುತ್ತಿದ್ದೆ. ಈಗ ವಾಲುತ್ತದೆ, ಈಗ ವಾಲಬೇಕು ಎಂದುಕೊಂಡೆ. ತನ್ನ ಜೊತೆಯ ಹುಡುಗಿ ಒಳಗೆ ಅಳುತ್ತಿದ್ದಾಳೆ ಎಂದೇ ಅವನು ನಂಬಿದ್ದ. ಕತ್ತು ನೆಟ್ಟಗೇ ಇತ್ತು. “ಆದ್ರೆ ಗೆಸ್ಟ್ ಬಂದ್ಬಿಟ್ಟಿದಾರಲ್ಲ ಮೇಡಂ. ಹತ್ತೇ ನಿಮಿಷ ಕುಣಿದು ಆಮೇಲೆ ಅಳ್ಲಿ.”

ಮೇಡಂ ಸಿಟ್ಟು ಮಾಡಲಿಲ್ಲ. ಚಪ್ಪಾಳೆ ಬೇಡ ಎಂದು ಪ್ರಾಂಶುಪಾಲರಿಗೆ ಹೇಳಿ ಹೇಳಿ, ಹುಡುಗರ ಉತ್ಸಾಹಕ್ಕೆ ತಣ್ಣೀರು ಹಾಕಬೇಡಿ ಎಂದು ಅನ್ನಿಸಿಕೊಂಡು ಸಾಕಾಗಿದ್ದವರು ಅವರು. ಅದು ನನಗೆ ಆಮೇಲೆ ತಿಳಿಯಿತು. ಬಾಗಿಲು ಹಾಕಿದರು. ಒಳಗೆ ಸರಸರ ಸದ್ದಾಯಿತು. ಮತ್ತೆ ಬಾಗಿಲು ಗೇಣು ತೆರೆದು, ಗೊಂಬೆಯ ಒಂದು ಕಾಲು ಹೊರಬಂತು, ಇನ್ನೊಂದು ಕಾಲು, ಹೊಟ್ಟೆ, ಕೈಗಳು. ತಲೆ ಕೊನೆಗೆ ಬಂತು, ಕಷ್ಟದ ಹೆರಿಗೆಯ ಹಾಗೆ. “ನಿಮ್ಮ ಗೊಂಬೆ ತಗೊಳ್ಳಿ. ಒಳಗಿರೋರು ಈಗ ಬರಲ್ಲ” ಎಂದು ಚಿಲಕ ಹಾಕಿದರು.

ಅಧ್ಯಕ್ಷ ಕೈಯಲ್ಲಿ ಖಾಲಿ ಮಿದುಳು ಹಿಡಿದು ನಿಂತ. ಹಾಕಿಕೊಳ್ಳುವವರು ಯಾರು? ಅವನು ಒಬ್ಬೊಬ್ಬರ ಮುಖ ನೋಡಿದ ಹಾಗೆಲ್ಲ ಒಬ್ಬೊಬ್ಬರಿಗೂ ಬೇರೆ ಕೆಲಸ ನೆನಪಾಯಿತು. ಕೆಳಗಿನಿಂದ ಮೈಕಿನಲ್ಲಿ ಮಿದುಳಣ್ಣನ ಹೆಸರು ಕರೆದರು. ಆಗ ಅವನೇ ಹೊಕ್ಕ. ಕುಳ್ಳಿಯ ಅಳತೆಗೆ ಹೊಲಿದದ್ದು. ನಾಲ್ಕು ಜನ ಸೇರಿ ಮೂಟೆಗೆ ಹತ್ತಿ ತುಂಬಿದ ಹಾಗೆ ಅವನನ್ನು ಒಳಗೆ ತುಂಬಿದರು. ದಪ್ಪ ಪ್ಯಾಂಟು ಹಿಡಿಸದೆ ಅದನ್ನು ಬಿಚ್ಚಿಟ್ಟಿದ್ದ; ಗೊಂಬೆಯ ಕಾಲು ಅವನ ಮಂಡಿಯ ತನಕವೇ ಬಂತು. ಜಿಪ್ಪು ಎಳೆಯಲು ನನ್ನನ್ನೇ ಕರೆದರು. ನಾನು ಬಲವಾಗಿ ಎಳೆದೆ. ಬಹಳ ಬಲವಾಗಿಯೇ ಎಳೆದೆ.

ಅವನು ಮೆಟ್ಟಿಲಿಳಿಯುವ ಚಂದ ನೋಡುವುದಕ್ಕೇ ತರಗತಿಗಳು ಖಾಲಿಯಾದವು. ಕಿಟಕಿಯಿಂದ ನಾನೂ ನೋಡಿದೆ. ದೊಡ್ಡ ಮನುಷ್ಯರು ಸಾಲಾಗಿ ಕೂತಿದ್ದರು. ಮಿದುಳಣ್ಣ ಒಂದು ಸುತ್ತು ತಿರುಗಿದ, ಎರಡು ಕೈ ಮೇಲೆತ್ತಿದ, ಬಗ್ಗಿದ. ಬಗ್ಗಿದಾಗ ಕತ್ತಿನಿಂದ ಕೆಳಗಿನ ತನಕ ಒಂದೇ ಪಟ್ಟಿಗೆ ಹರಿಯಿತು. ಸ್ಪಂಜಿನ ಸುರುಳಿಗಳು ಒಂದೊಂದೇ ಜಾರಿಬಿದ್ದು, ಅವನ ಹಳದಿ ಬನಿಯನ್ನಿನ ಬೆನ್ನೂ, ಅದರ ಕೆಳಗಿನ ಹೂವಿನ ಚಡ್ಡಿಯೂ ಸಭೆಗೆ ಕಂಡವು. ನಾಚಿಕೆಯನ್ನು ಓಡಿಸುವುದೆಂದರೆ ಇದೇ ಇರಬೇಕು ಎಂದುಕೊಂಡೆ. ಇಡೀ ಕಾಲೇಜು ಚಪ್ಪಾಳೆ ತಟ್ಟಿತು, ಧೈರ್ಯ ಧೈರ್ಯ ಎಂದು ಕೂಗಿತು.

ಆ ಗದ್ದಲದ ಹೊತ್ತಿನಲ್ಲಿ ಪಡಸಾಲೆ ಕೊನೆಯಿಂದ ಕೊನೆಗೆ ಬರಿದಾಗಿತ್ತು. ಮೊಮ್ಮಗಳು ಹೊರಗೆ ಬಂದಳು. ಕಣ್ಣು ಊದಿಕೊಂಡಿತ್ತು, ಕೂದಲು ಬೆವರಿಗೆ ಹಣೆಗೆ ಅಂಟಿತ್ತು, ಕೈಯಲ್ಲಿ ಅರ್ಧ ಕಿತ್ತಳೆ. ಅದರಲ್ಲಿ ಒಂದು ತೊಳೆ ಬಿಡಿಸಿ ನನಗೆ ಕೊಟ್ಟಳು, ಒಂದನ್ನು ತಾನು ತಿಂದಳು. ಅವಳು ತಿನ್ನುವುದನ್ನು ನೋಡುತ್ತ ನಾನು ನನ್ನದನ್ನು ತಿನ್ನುವುದು ಮರೆತೆ. “ಮುಂದಿನ ಗುರುವಾರ ಬಾ ಅಂದಿದಾರೆ” ಅಂದಳು. ಆಮೇಲೆ ಸ್ವಲ್ಪ ಬಿಟ್ಟು, “ಗೊಂಬೆ ಹರಿದೋಯ್ತಾ ಅಜ್ಜಿ?” ಅಂದಳು.

ಅವಳ ದನಿಯಲ್ಲಿದ್ದ ಭಯ ನನಗೆ ತಿಳಿಯಿತು. ಹೊಲಿಯೋಣ ಬಿಡು ಅಂದೆ.

ಅಂಗಡಿಗೆ ಬಂದರೆ ಕುಳ್ಳಿ ಹೊದ್ದುಕೊಂಡು ನಾಟಕವಾಡಲು ಮಲಗಿದವಳು ನಿಜವಾಗಿಯೇ ಗೊರಕೆ ಹೊಡೆಯುತ್ತಿದ್ದಳು.

ಮರುದಿನ ಅಧ್ಯಕ್ಷ ಹರಿದ ಗೊಂಬೆಯನ್ನು ತಂದು ಮಿಷನ್ನಿನ ಮೇಲೆ ಎಸೆದ. ಕುಳ್ಳಿಗೆ ಹೊಟ್ಟೆನೋವಾಗಿತ್ತು ಎಂದು ಅವಳೇ ಅವನಿಗೆ ಹೇಳಿದ್ದಳು. ಅವನು ಅಷ್ಟಕ್ಕೇ ಸಮಾಧಾನಗೊಂಡಿದ್ದ. ಅವನ ಸಿಟ್ಟೆಲ್ಲ ನನ್ನ ಹೊಲಿಗೆಯ ಮೇಲೆ. ಇದೇನು ಹೊಲಿಗೆ, ನಮ್ಮ ಮರ್ಯಾದೆ ಹೋಯಿತು, ನಿಮಗೆ ಕಣ್ಣು ಸರಿಯಿಲ್ಲವೇ ಎಂದ. ಕುಣಿಯಲಾರದವನು ನೆಲ ಡೊಂಕು ಎಂದನಂತೆ. ಬಾಯಿಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ವಯಸ್ಸಾಯಿತಪ್ಪ ಅಂದೆ. ಈಗ ಒಂದು ಸಲ ಹಾಕಿಕೊಡುತ್ತೇನೆ, ಆದರೆ ಸ್ಪಂಜು ಭಾರ, ವಾರಕ್ಕೊಮ್ಮೆ ನೋಡಬೇಕಾಗುತ್ತದೆ, ಗುರುವಾರ ಕಳಿಸು, ಆ ಖಾಲಿ ಕೋಣೆಯಲ್ಲೇ ಕೂರಿಸಿ ಹಾಕಿಬಿಡುತ್ತೇನೆ ಅಂದೆ. ಏನಾದರೂ ಮಾಡಿ ಎಂದು ಹೋದ.

ನಾನು ಹೊಲಿದ ಬಟ್ಟೆಯನ್ನು ತಾಯಿ ಮಗಳಿಗೆ ದಾಟಿಸಿದ ಮನೆಗಳು ಈ ಬೀದಿಯಲ್ಲಿವೆ. ಹೊಲಿಗೆ ಬಿಟ್ಟಿತು ಎಂದು ಯಾರೂ ನನ್ನ ಹೊಸಿಲಿಗೆ ವಾಪಸ್ ಬಂದದ್ದಿಲ್ಲ. ಅಂಥವಳು ಆ ದಿನ ಕೂತು, ಹಳೆಯ ದಾರ ಆರಿಸಿ, ಸಡಿಲ ಮಾಡಿ, ಮಿದುಳಣ್ಣನ ಬೆನ್ನಿಗೆ ಬೇಕೆಂದೇ ಕಚ್ಚಾ ಹೊಲಿಗೆ ಹಾಕಿದೆ. ಬುಧವಾರದ ತನಕ ಕುಣಿತ ತಡೆಯುತ್ತದೆ. ಗುರುವಾರ ಬೆಳಿಗ್ಗೆ ಬಿಟ್ಟುಕೊಳ್ಳುತ್ತದೆ. ಕುಳ್ಳಿ ತರುತ್ತಾಳೆ, ಚಾಪೆಯ ಮೇಲೆ ಮಲಗುತ್ತಾಳೆ, ಮೊಮ್ಮಗಳು ಎಡಗಾಲು ಮೊದಲು ಹಾಕುತ್ತಾಳೆ.

ಅವಳಿಗೆ ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಕೆಲವು ದಿನ ಕಾಲೇಜಿಗೆ ಹೋಗುತ್ತಾಳೆ, ಕೆಲವು ದಿನ ಗೋಡೆಯ ಕಡೆಗೇ ಇರುತ್ತಾಳೆ. ಆದರೆ ತಲೆ ತಾನೇ ಬಾಚಿಕೊಳ್ಳುತ್ತಾಳೆ. ಕತ್ತರಿ ಪೆಟ್ಟಿಗೆಯಿಂದ ಆಚೆ ಬಂದಿದೆ.

ಕಾಲೇಜಿನವರೆಲ್ಲ ಈಗ ನನ್ನನ್ನು ಕಣ್ಣು ಕಾಣದ ಮುದುಕಿ ಎನ್ನುತ್ತಾರೆ. ಮೇಷ್ಟರುಗಳು ಪ್ಯಾಂಟನ್ನು ಬೇರೆ ಅಂಗಡಿಗೆ ಕೊಡುತ್ತಾರೆ. ಕೊಡಲಿ. ಮೊನ್ನೆ ಕುಳ್ಳಿ ಬಂದು ದನಿ ಇಳಿಸಿ, ಹಾಸ್ಟೆಲಿನಲ್ಲಿ ಒಬ್ಬ ಹುಡುಗ ಇದ್ದಾನೆ ಅಜ್ಜಿ, ಉದ್ದಕ್ಕಿದ್ದಾನೆ, ಅವನಿಗೂ ಗೊಂಬೆ ಸ್ವಲ್ಪ ಬೇಕಿತ್ತು ಎಂದಳು. ನಾನು ಕಾಲಿನ ಮಡಿಕೆ ಬಿಚ್ಚಿ, ಪಕ್ಕೆಗೆ ಒಂದು ಪಟ್ಟಿ ಸೇರಿಸಿ ಅಗಲ ಮಾಡಿದೆ. ಈಗ ಅದರೊಳಗೆ ಯಾರು ಬೇಕಾದರೂ ಹಿಡಿಸುತ್ತಾರೆ. ಹಳದಿ ಪಡೆ ಇನ್ನೂ ಪಡಸಾಲೆಯಲ್ಲಿ ಸಾಲು ಕಟ್ಟಿ, ಬಾರದವರಿಗಾಗಿ ಕಾಯುತ್ತ ನಿಂತಿರುತ್ತದೆ. ಅವರ ನಡುವೆಯೇ ಗೊಂಬೆ ಹಾದುಹೋಗುತ್ತದೆ, ಹಿಂದೆ ಸೂಜಿ ಡಬ್ಬಿ ಹಿಡಿದ ನಾನು.

ನಿನ್ನೆ ಅಧ್ಯಕ್ಷ ಮತ್ತೆ ಬಂದು ರೇಗಿದ. ಈ ವಾರ ಗೊಂಬೆಗೆ ಮೂರು ಸಲ ಹೊಲಿಗೆ ಬಿಟ್ಟಿದೆ.